ಮಾಂಸದ ಹಂದಿಗೆ ಬೀಜದ ಗಂಡು: ಏನು ನೋಡಿ ತರಬೇಕು?

ಕೇಳಿದವರು, ವಿರಾಜಪೇಟೆ: ತೋಟದ ಬದಿಯ ಗೂಡಲ್ಲಿ ಎಂಟು ಯಾರ್ಕ್‌ಶೈರ್ ಹೆಣ್ಣುಹಂದಿ ಇವೆ. ಮಾಂಸಕ್ಕೇ ಸಾಕುವುದು. ಗಂಡಿಗೆ ವಯಸ್ಸಾಯಿತು, ಬೇರೆ ಬೇಕು. ಯಾವ ತಳಿ ತರಲಿ? ನಮ್ಮದೇ ಮರಿಯಲ್ಲಿ ಒಂದನ್ನು ಉಳಿಸಿಕೊಂಡರೆ ಆಗದೆ?

ಗೋಣಿಕೊಪ್ಪದಿಂದ: ಸ್ವಂತ ಮರಿ ಬೇಡವೇ ಬೇಡ. ತಾಯಿ, ಅಕ್ಕತಂಗಿಯರ ಮೇಲೆ ಹತ್ತಿಸಿದರೆ ಮರಿ ಕಡಿಮೆ, ಹುಟ್ಟಿದವೂ ಬಡಕಲು. ತಳಿ ಗೊತ್ತು ಮಾಡುವ ಮೊದಲು ಒಂದು ತೀರ್ಮಾನ ಮಾಡಿ: ಹುಟ್ಟುವ ಹೆಣ್ಣುಮರಿಗಳನ್ನು ತಾಯಿಗೆ ಉಳಿಸುತ್ತೀರಾ? ಉಳಿಸುವುದಾದರೆ ಲ್ಯಾಂಡ್ರೇಸ್; ಹಾಲು, ಮರಿ ಎರಡೂ ಚೆನ್ನಾಗಿರುತ್ತವೆ. ಎಲ್ಲವನ್ನೂ ಮಾಂಸಕ್ಕೆ ಕೊಡುವುದಾದರೆ ಡ್ಯೂರಾಕ್. ಬೇಗ ತೂಕ ಬರುತ್ತದೆ, ಮಾಂಸದೊಳಗೇ ಕೊಬ್ಬಿನ ಎಳೆ ಇರುವುದರಿಂದ ಪಂದಿ ಕರಿಗೆ ಒಳ್ಳೆಯ ರುಚಿ. ಯಾರ್ಕ್‌ಶೈರ್ ಗಂಡೇ ಬೇಕಿದ್ದರೆ ಕೂಡಿಗೆಯ ಸರಕಾರಿ ಜಾನುವಾರು ಕೇಂದ್ರದಲ್ಲೂ ವಿಚಾರಿಸಿ.

ಸುಂಟಿಕೊಪ್ಪದಿಂದ: ತೂಕ ನೋಡಿ ಮರುಳಾಗಬೇಡಿ ಅಣ್ಣಾ, ಕಾಲು ನೋಡಿ. ಐದಾರು ತಿಂಗಳ ಗಂಡನ್ನು ಗೂಡಿನಿಂದ ಹೊರಗೆ ಬಿಡಿಸಿ, ಗಟ್ಟಿ ನೆಲದ ಮೇಲೆ ನಡೆಸಿ, ಪಕ್ಕದಿಂದ ನೋಡಿ. ಹಿಂಗಾಲು ಕಂಬದಂತೆ ನೆಟ್ಟಗಿದ್ದರೆ ಬಿಟ್ಟುಬಿಡಿ. ಹತ್ತುವಾಗ ಪೂರ್ತಿ ಭಾರ ಆ ಕೀಲಿನ ಮೇಲೇ ಬೀಳುತ್ತದೆ, ವರ್ಷದೊಳಗೆ ಕುಂಟು. ಗೊರಸಿನ ಎರಡು ಹೋಳೂ ಒಂದೇ ಅಳತೆ ಇರಬೇಕು. ಒಳಹೋಳು ಚಿಕ್ಕದಿದ್ದರೆ ಕಾಂಕ್ರೀಟಿನಲ್ಲಿ ಹೊರಹೋಳು ಸವೆದು ಬಿರುಕು ಬಿಡುತ್ತದೆ.

ಆಮೇಲೆ ಮೊಲೆತೊಟ್ಟು. ಗಂಡಿಗೇಕೆ ಎನ್ನಬೇಡಿ, ಹೆಣ್ಣುಮರಿ ಉಳಿಸುವವರಿಗೆ ಇದು ಮುಖ್ಯ. ಒಂದೊಂದು ಬದಿಗೆ ಏಳು, ಸಮಾನ ಅಂತರದಲ್ಲಿ, ಒಳಗೆ ಸೇದಿಕೊಂಡದ್ದು ಒಂದೂ ಇರಬಾರದು. ಬೀಜ ಎರಡೂ ಕೆಳಗಿಳಿದಿರಬೇಕು, ಒಂದೇ ಗಾತ್ರ. ಹೊಕ್ಕಳಲ್ಲಿ, ಬೀಜದ ಚೀಲದಲ್ಲಿ ಹರ್ನಿಯಾದ ಉಬ್ಬು ಕಂಡರೆ ಪುಕ್ಕಟೆ ಕೊಟ್ಟರೂ ತರಬೇಡಿ, ಮರಿಗಳಿಗೂ ಇಳಿಯುತ್ತದೆ. ತಾಯಿಯನ್ನು ತೋರಿಸಿ ಎನ್ನಿ: ಸತತ ಎರಡು ಮೂರು ಸೂಲಿನಲ್ಲಿ ಎಷ್ಟು ಹುಟ್ಟಿದವು, ಹಾಲು ಬಿಡಿಸುವಾಗ ಎಷ್ಟು ಉಳಿದವು. ಎರಡನೆಯ ಲೆಕ್ಕವೇ ನಿಜವಾದ ಲೆಕ್ಕ.

ಕುಶಾಲನಗರದಿಂದ: ತಂದ ದಿನವೇ ಮಂದೆಗೆ ಸೇರಿಸಬೇಡಿ. ಕನಿಷ್ಠ 30 ದಿನ ಬೇರೆ ಗೂಡು, ಬೇರೆ ಬಕೆಟ್ಟು, ಬೇರೆ ಬೂಟು. ಮೇವು ಹಾಕುವಾಗ ಅದರ ಸರದಿ ಕೊನೆಗೆ. ಅಷ್ಟರೊಳಗೆ ಪಶುವೈದ್ಯರಿಂದ ಬ್ರೂಸೆಲ್ಲಾ (ಗಬ್ಬ ಕಳೆಯುವ ಅಂಟುರೋಗ) ರಕ್ತಪರೀಕ್ಷೆ, ಜಂತುಹುಳಕ್ಕೆ ಮದ್ದು, ಹಂದಿ ಜ್ವರದ ಲಸಿಕೆ ಆಗಲಿ. ಆಫ್ರಿಕನ್ ಹಂದಿ ಜ್ವರ ಬೇರೆಯೇ ರೋಗ, ಈ ಲಸಿಕೆ ಅದನ್ನು ತಡೆಯುವುದಿಲ್ಲ. 2022ರಲ್ಲಿ ಪಕ್ಕದ ವಯನಾಡಿಗೇ ಬಂದಿತ್ತು. ಹೋಟೆಲ್ ಮುಸುರೆ ಹಾಕುವವರು ಅರ್ಧ ಗಂಟೆ ಕುದಿಸಿಯೇ ಹಾಕಿ.

ಸೋಮವಾರಪೇಟೆಯಿಂದ: ಎಂಟು ತಿಂಗಳು ತುಂಬುವವರೆಗೆ ಕೂಡಿಸಬೇಡಿ. ಮೊದಲ ಸಲ ಶಾಂತವಾದ, ಮರಿ ಹಾಕಿ ಅನುಭವವಿರುವ ಹೆಣ್ಣೇ ಇರಲಿ; ಕಚ್ಚಿ ಓಡಿಸುವ ಹೆಣ್ಣು ಸಿಕ್ಕರೆ ಎಳೆಗಂಡು ಹೆದರಿ ಮತ್ತೆ ಹತ್ತುವುದೇ ಇಲ್ಲ. ವರ್ಷ ತುಂಬುವವರೆಗೆ ವಾರಕ್ಕೆ ಎರಡೇ ಸಲ. ಹೆಣ್ಣಿನ ಬೆನ್ನು ಒತ್ತಿದಾಗ ಕಿವಿ ನೆಟ್ಟಗೆ ಮಾಡಿ ಅಲ್ಲಾಡದೆ ನಿಂತರೆ ಬೆದೆ ಸರಿಯಾಗಿದೆ ಎಂದರ್ಥ. ಹನ್ನೆರಡು ಗಂಟೆ ಬಿಟ್ಟು ಒಮ್ಮೆ, ಮತ್ತೆ ಹನ್ನೆರಡು ಗಂಟೆ ಬಿಟ್ಟು ಇನ್ನೊಮ್ಮೆ ಕೂಡಿಸಿ. 21 ದಿನಕ್ಕೆ ಹೆಣ್ಣು ಮತ್ತೆ ಬೆದೆಗೆ ಬಂತೇ ನೋಡಿ. ಒಂದೆರಡು ಬಂದರೆ ಹೆಣ್ಣಿನ ತೊಂದರೆ ಇರಬಹುದು, ಸಾಲಾಗಿ ಬಂದರೆ ಗಂಡಿನ ಕಡೆ ನೋಡಿ. ಮಾರ್ಚ್, ಏಪ್ರಿಲ್‌ನಲ್ಲಿ ತಗಡಿನ ಶೀಟಿನ ಕೆಳಗೆ ಬೆಂದ ಗಂಡಿನ ವೀರ್ಯ ಸುಧಾರಿಸಲು ಆರೇಳು ವಾರ ಬೇಕು. ಶೀಟಿನ ಮೇಲೆ ಹುಲ್ಲು ಹಾಸಿ, ಮಧ್ಯಾಹ್ನ ಮೈಗೆ ನೀರು ಹಾಕಿ.

ಸೆಪ್ಟೆಂಬರಿನ ಕೊಡವರ ಹಬ್ಬ ಕೈಲ್‌ಪೊಳ್ದ್‌ಗೆ ಮಾರುವ ಹಂದಿ ಬೇಕಿದ್ದರೆ ಹಿಂದಿನ ಅಕ್ಟೋಬರಿನಲ್ಲೇ ಕೂಡಿಸಿರಬೇಕು. ಗಬ್ಬ 114 ದಿನ, ಆಮೇಲೆ ಬೆಳೆಯಲು ಏಳು ತಿಂಗಳು.

ಕೇಳಿದವರು: ಹಳೆಯ ಗಂಡನ್ನು ಮಾಂಸಕ್ಕೆ ಕೊಡಬಹುದೇ?

ಸುಂಟಿಕೊಪ್ಪದಿಂದ: ಹಾಗೇ ಕೊಟ್ಟರೆ ಬೇಯಿಸುವಾಗ ಗಂಡುವಾಸನೆ ಹೊಡೆಯುತ್ತದೆ, ಎಷ್ಟು ಕಾಚಂಪುಳಿ (ಪಂದಿ ಕರಿಗೆ ಹಾಕುವ ಕಪ್ಪು ಹುಳಿ) ಹಾಕಿದರೂ ಹೋಗದು. ವೈದ್ಯರ ಕೈಯಲ್ಲಿ ಬೀಜ ತೆಗೆಸಿ, ಎರಡು ಮೂರು ತಿಂಗಳು ಸಾಕಿ ಕೊಡಿ. ಆಗ ಕೊಟ್ಟ ಮದ್ದುಗಳ ಅಂಶ ಮಾಂಸದಿಂದ ಹೋಗುವ ಗಡುವು ಮುಗಿದಿದೆಯೇ ಎಂದು ಅವರನ್ನೇ ಕೇಳಿಕೊಳ್ಳಿ.