ಟ್ರಿಪ್ ಬಾಟಾಗೂ ಟ್ಯಾಕ್ಸ್ ಕಟ್ಟಬೇಕಾ?

ಸ್ಲೀಪರ್‌ಕೋಚ್:
ಖಾಸಗಿ ಬಸ್ ಡ್ರೈವರ್ ನಾನು, ಬೆಂಗಳೂರು–ಮುಂಬೈ ರೂಟು. ದಾರಿಯ ಊಟ-ತಿಂಡಿಗೆ ಅಂತ ಸಂಬಳದ ಚೀಟಿಯಲ್ಲಿ ಬಾಟಾ ಬೇರೆ ಬರುತ್ತೆ. ಒಂದು ತಿಂಗಳು 8,000, ಸೀಸನ್‌ನಲ್ಲಿ 18,000. ಫಾರಂ 16ರಲ್ಲಿ (ಮಾಲೀಕರು ಕೊಡೋ ಸಂಬಳ-ತೆರಿಗೆ ಪತ್ರ) ಪೂರ್ತಿ ಸಂಬಳಕ್ಕೇ ಸೇರಿಸಿದ್ದಾರೆ. 2025-26ರ ರಿಟರ್ನ್‌ನಲ್ಲಿ ಎಷ್ಟು ಕಳೀಬಹುದು? ಹೋಟೆಲ್ ಬಿಲ್ ಒಂದೂ ಇಲ್ಲ.

ಲೆಕ್ಕಿಗ:
ಬಿಲ್ ಬೇಡ. ಆದಾಯ ತೆರಿಗೆ ಕಾಯ್ದೆಯ ಕಲಂ 10(14), ನಿಯಮ 2ಬಿಬಿ ಪ್ರಕಾರ ಗಾಡಿ ಓಡಿಸೋ ಡ್ಯೂಟಿಯ ಸ್ವಂತ ಖರ್ಚಿಗೆ ಕೊಟ್ಟ ಭತ್ಯೆಯಲ್ಲಿ ಶೇ 70 ಅಥವಾ ತಿಂಗಳಿಗೆ 10,000 ರೂ., ಯಾವುದು ಕಡಿಮೆಯೋ ಅಷ್ಟಕ್ಕೆ ತೆರಿಗೆ ಇಲ್ಲ. ರೈಲ್ವೆ ಲೋಕೊ ಪೈಲಟ್‌ಗಳ ರನ್ನಿಂಗ್ ಭತ್ಯೆಗೂ ಇದೇ ಲೆಕ್ಕ.

ಎಲ್ಲರೂ ಎಡವೋದು ಇಲ್ಲಿ: ವರ್ಷದ ಬಾಟಾ ಒಟ್ಟು ಮಾಡಿ ಶೇ 70 ತೆಗೀತಾರೆ. ಹಾಗಲ್ಲ, ತಿಂಗಳು ತಿಂಗಳೇ ನೋಡಬೇಕು. 8,000 ಬಂದ ತಿಂಗಳು 5,600. 18,000ಕ್ಕೆ ಶೇ 70 ಅಂದ್ರೆ 12,600, ಆದ್ರೆ ಸಿಗೋದು 10,000 ಮಾತ್ರ. ಎರಡೂ ಸೇರಿ 15,600. ಒಟ್ಟು ಮಾಡಿ ತೆಗೆದರೆ 18,200 ಬರುತ್ತೆ, ಅದು ತಪ್ಪು. ದಿನಭತ್ಯೆ ಬೇರೆ ತಗೊಳ್ತಿದ್ದರೆ ಈ ವಿನಾಯಿತಿಯೇ ಇಲ್ಲ.

ಹಳೇಸ್ಲ್ಯಾಬ್:
ಲೆಕ್ಕ ಸರಿ, ಆದ್ರೆ ಇದು ಹಳೇ ತೆರಿಗೆ ಪದ್ಧತಿಯಲ್ಲಿ ಮಾತ್ರ. ಬೇಕಿದ್ದರೆ ಗಡುವಿನೊಳಗೇ ರಿಟರ್ನ್ ಹಾಕಿ ಹೊಸ ಪದ್ಧತಿಯಿಂದ ಹೊರಗೆ ಅಂತ ಆರಿಸಬೇಕು. ತಡವಾದ್ರೆ ಆ ದಾರಿ ಮುಚ್ಚಿತು.

ಆರಿಸೋ ಮುಂಚೆ ಒಂದ್ಸಲ ತಾಳೆ ನೋಡಿ. ಬಾಟಾ ಸೇರಿ ವರ್ಷಕ್ಕೆ 9 ಲಕ್ಷ ಅಂದ್ಕೊಳ್ಳಿ. ಹಳೇದರಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ 50,000, 80ಸಿ (ಪಿಎಫ್, ಎಲ್‌ಐಸಿ ಥರದ ಉಳಿತಾಯ) 1.5 ಲಕ್ಷ, ಬಾಟಾ ಗರಿಷ್ಠ 1.2 ಲಕ್ಷ ಎಲ್ಲ ಕಳೆದರೂ 5.8 ಲಕ್ಷ ಉಳಿಯುತ್ತೆ, ಸೆಸ್ ಸೇರಿ ತೆರಿಗೆ 29,640. ಹೊಸದರಲ್ಲಿ ಏನೂ ಕಳೀದೇನೇ ಸೊನ್ನೆ: ಸಂಬಳದಾರರಿಗೆ 12.75 ಲಕ್ಷದವರೆಗೆ ತೆರಿಗೆ ಬೀಳಲ್ಲ. ಬಸ್ ಡ್ರೈವರ್‌ಗೆ ಈ ಶೇ 70ರ ತಲೆನೋವೇ ಬೇಡ ಅನ್ನೋದು ನನ್ನ ಅಭಿಪ್ರಾಯ.

ಲಾರಿಅಡ್ಡ:
ಬಾಟಾಗೆ ದಿನಭತ್ಯೆ ಅಂತ ಹೆಸರು ಬದಲಾಯಿಸಿದರೆ ಹೊಸ ಪದ್ಧತಿಯಲ್ಲೂ ಸಿಗುತ್ತೆ ಅಂತ ಕೆಲವರು ಹೇಳ್ತಾರೆ. ಅದು ಮಾಮೂಲಿ ಕೆಲಸದ ಜಾಗ ಬಿಟ್ಟು ಹೋದವರಿಗೆ, ಉದಾಹರಣೆಗೆ ಕೆಟ್ಟು ನಿಂತ ಗಾಡಿ ರಿಪೇರಿಗೆ ಬೇರೆ ಊರಿಗೆ ಕಳಿಸಿದ ಮೆಕ್ಯಾನಿಕ್‌ಗೆ. ಅದೂ ನಿಜವಾಗಿ ಖರ್ಚಾದಷ್ಟೇ, ಬಿಲ್ ಇಟ್ಕೋಬೇಕು. ರೂಟೇ ಮಾಮೂಲಿ ಕೆಲಸ ಆಗಿರೋ ಡ್ರೈವರ್‌ಗೆ ಆ ವಾದ ನಿಲ್ಲೋದು ಕಷ್ಟ.

ಸ್ವಂತ ಲಾರಿ ಓಡಿಸೋರು ಇದರಲ್ಲಿ ಬರೋದೇ ಇಲ್ಲ. ಕಲಂ 44ಎಇ (ಗಾಡಿಗೆ ಇಷ್ಟು ಅಂತ ಅಂದಾಜು ಆದಾಯ ತೋರಿಸೋ ದಾರಿ) ಹಾಕಿದರೆ 12 ಟನ್ ಒಟ್ಟು ತೂಕದವರೆಗಿನ ಗಾಡಿಗೆ ತಿಂಗಳಿಗೆ 7,500 ಆದಾಯ ಅಂತ ಹಿಡೀತಾರೆ, ಅದಕ್ಕಿಂತ ದೊಡ್ಡದಕ್ಕೆ ಟನ್‌ಗೆ 1,000. ಊಟ, ಡೀಸೆಲ್, ಟೋಲ್ ಎಲ್ಲ ಅದರಲ್ಲೇ ಸೇರಿಹೋಯ್ತು.