ಸಹಾಯ ಬೇಕು: ನೈಟ್ ವಿಷನ್ ಕೂರಿಸಲು ಹಗುರ ಹೆಲ್ಮೆಟ್ ಯಾವುದು?

ನಮಸ್ಕಾರ. ನಾನು ಶಿರಸಿಯವನು. ಮಳೆಗಾಲದ ರಾತ್ರಿ ಕತ್ತಲೆಕಾನು ಕಾಡಿನ ಕಡೆ ಕುಂಬಾರ ಕಪ್ಪೆ ನೋಡಲು ಹೋಗುತ್ತೇನೆ. ಮೊಟ್ಟೆಗೆ ಕೆಸರು ಮೆತ್ತುತ್ತದಲ್ಲ, ಅದೇ. ಟಾರ್ಚ್ ಬೇಡವೆಂದು ಡಿಜಿಟಲ್ ನೈಟ್ ವಿಷನ್ ಮಾನೋಕ್ಯುಲರ್ (ಕತ್ತಲಲ್ಲಿ ಒಂದು ಕಣ್ಣಿಗೆ ಹಿಡಿದು ನೋಡುವ ಸಾಧನ) ತಗೊಂಡೆ. ತೂಕ 350 ಗ್ರಾಂ ಅಷ್ಟೇ. ಆದರೆ ಅಷ್ಟೂ ಹಣೆಯ ಮುಂದೆ! ತಲೆಪಟ್ಟಿಗೆ ಕಟ್ಟಿದರೆ ಮೂಗಿನ ಮೇಲೆ ಜಾರುತ್ತದೆ, ಗಂಟೆಯೊಳಗೆ ಕುತ್ತಿಗೆ ಹಿಡಿಯುತ್ತದೆ. ಹಳೇ ಸೈಕಲ್ ಹೆಲ್ಮೆಟ್‌ಗೆ ತೂತು ಕೊರೆದೆ, ಒಳಗಿನ ಥರ್ಮಕೋಲ್ ಸೀಳಿತು. ಬುದ್ಧಿವಂತಿಕೆ ಸಾಕಾಯಿತು.

ಗುಂಡು ತಡೆಯುವ ಹೆಲ್ಮೆಟ್ ನನಗ್ಯಾಕೆ? ಕೊಂಬೆ, ಬಂಡೆಯಿಂದ ತಲೆ ಉಳಿದರೆ ಸಾಕು. ಹಾಗಾಗಿ ಬಂಪ್ ಹೆಲ್ಮೆಟ್ ನೋಡುತ್ತಿದ್ದೇನೆ. ಮುಂದೆ ಗಟ್ಟಿ ಶ್ರೌಡ್ (ಮಾನೋಕ್ಯುಲರ್ ಸಿಕ್ಕಿಸುವ ತಟ್ಟೆ), ಹಿಂದೆ ಬಿಗಿ ಮಾಡುವ ಡಯಲ್, ಮುಂದಿನ ಭಾರ ಸರಿದೂಗಿಸಲು ಹಿಂದೆ ತೂಕದ ಚೀಲ ಅಂಟಿಸಲು ವೆಲ್ಕ್ರೋ ಇರಬೇಕು.

ಬಳಸಿದವರು ಹೇಳಿ: ಕಾರ್ಬನ್ ಫೈಬರ್‌ಗೆ ಜಾಸ್ತಿ ದುಡ್ಡು ಹಾಕಬೇಕಾ, ಪ್ಲಾಸ್ಟಿಕ್ಕೇ ಸಾಕಾ? ನಮ್ಮ ಮಳೆಗೆ ಒಳಗಿನ ಪ್ಯಾಡ್ ಒಣಗುತ್ತದಾ, ಇಲ್ಲ ಬೂಸ್ಟು ಹಿಡಿಯುತ್ತದಾ?