ಮನೆಯ ಮದುವೆ ವಿಡಿಯೊ ಎಡಿಟ್ ಮಾಡಿ ಡಿವಿಡಿ ಮಾಡಲು ಕಡಿಮೆ ಖರ್ಚಿನ ಸಾಫ್ಟ್‌ವೇರ್ ಯಾವುದು?

ಪ್ರಶ್ನೆ (ದಾವಣಗೆರೆ, ವಿದ್ಯಾನಗರ):
ನಮಸ್ಕಾರ ಸರ್. ತಂಗಿ ಮದುವೆಯ ವಿಡಿಯೊ ಮನೆಯಲ್ಲೇ ಎಡಿಟ್ ಮಾಡಬೇಕು ಅಂತಿದೀನಿ. ಹ್ಯಾಂಡಿಕ್ಯಾಮ್‌ನ ಎಂಟಿಎಸ್ ಫೈಲ್‌ಗಳಿವೆ, ಜೊತೆಗೆ ನಾಲ್ಕೈದು ಜನರ ಫೋನಿನ ಕ್ಲಿಪ್‌ಗಳು. ಎಡಿಟ್ ಆದ ಮೇಲೆ ಮೂರು ಗಂಟೆ ಆಗಬಹುದು. ಜಗಳೂರು ಕಡೆಯ ಹಿರಿಯರ ಮನೆಗಳಲ್ಲಿ ಇನ್ನೂ ಡಿವಿಡಿ ಪ್ಲೇಯರೇ ಇದೆ, ಅವರಿಗೆ ಡಿಸ್ಕ್ ಕೊಡಬೇಕು. ಮೆನು ಕನ್ನಡದಲ್ಲಿರಬೇಕು. ಲ್ಯಾಪ್‌ಟಾಪ್ ಐ3, 8 ಜಿಬಿ ರ‍್ಯಾಮ್, ವಿಂಡೋಸ್ 11. ಡಿವಿಡಿ ಡ್ರೈವ್ ಇಲ್ಲ. ಎಲ್ಲ ಸೇರಿ ಐದು ಸಾವಿರದೊಳಗೆ ಆಗುತ್ತಾ? ಮೊದಲು ಮೂವಿ ಮೇಕರ್ ಇತ್ತು, ಈಗ ಸಿಗ್ತಿಲ್ಲ.

ಉತ್ತರ (ವಿಡಿಯೊ ಎಡಿಟರ್, ಚಿತ್ರದುರ್ಗ):
ಆಗುತ್ತೆ. ಆದರೆ ಆ ದುಡ್ಡು ಸಾಫ್ಟ್‌ವೇರ್‌ಗೆ ಹಾಕಬೇಡಿ. ಯುಎಸ್‌ಬಿ ಡಿವಿಡಿ ರೈಟರ್, ಒಳ್ಳೆ ಕಂಪನಿಯ ಖಾಲಿ ಡಿವಿಡಿ-ಆರ್ ಡಿಸ್ಕ್‌ಗಳು, ಮಿಕ್ಕಿದ್ದರಲ್ಲಿ ಫೈಲ್ ಇಡಲು ಜಾಗ, ಇವಕ್ಕೆ ಖರ್ಚು ಮಾಡಿ. ಮೈಕ್ರೋಸಾಫ್ಟ್ ಮೂವಿ ಮೇಕರನ್ನು 2017ರ ಜನವರಿಯಲ್ಲೇ ನಿಲ್ಲಿಸಿತು. ವಿಂಡೋಸ್ 7ರಲ್ಲಿದ್ದ ಡಿವಿಡಿ ಮೇಕರ್ ವಿಂಡೋಸ್ 8ರಿಂದಲೇ ಇಲ್ಲ. ಈಗ ಅದೇ ಹೆಸರಲ್ಲಿ ನೆಟ್‌ನಲ್ಲಿ ಸಿಗುವುದನ್ನು ಇಳಿಸಿಕೊಳ್ಳಬೇಡಿ.

ಎಡಿಟಿಂಗ್, ಡಿವಿಡಿ ಎರಡೂ ಒಂದರಲ್ಲೇ ಆಗಬೇಕು ಅಂತ ಹುಡುಕುವವರೇ ಹೆಚ್ಚು ದುಡ್ಡು ಕಳೆದುಕೊಳ್ಳೋದು. ಎರಡು ಉಚಿತ ಸಾಫ್ಟ್‌ವೇರ್ ಸಾಕು: ಎಡಿಟ್‌ಗೆ ಶಾಟ್‌ಕಟ್, ಮೆನು ಮತ್ತು ಡಿಸ್ಕ್‌ಗೆ ಡಿವಿಡಿಸ್ಟೈಲರ್. ಎರಡೂ ಓಪನ್ ಸೋರ್ಸ್. ವಾಟರ್‌ಮಾರ್ಕ್ ಬೀಳಲ್ಲ, ಇಷ್ಟೇ ನಿಮಿಷ ಅನ್ನುವ ಮಿತಿಯೂ ಇಲ್ಲ. ಡಾವಿಂಚಿ ರಿಸಾಲ್ವ್ ಉಚಿತ ಆವೃತ್ತಿ ಬಹಳ ಒಳ್ಳೆಯದು, ಆದರೆ ಅದಕ್ಕೆ 16 ಜಿಬಿ ರ‍್ಯಾಮ್, ಗಟ್ಟಿ ಗ್ರಾಫಿಕ್ಸ್ ಕಾರ್ಡ್ ಬೇಕು. ನಿಮ್ಮ ಲ್ಯಾಪ್‌ಟಾಪ್‌ಗೆ ಹೊರೆ.

ಮೊದಲು ಕ್ಯಾಮೆರಾ ಕಾರ್ಡ್. ಎಂಟಿಎಸ್ ಫೈಲ್ ಮಾತ್ರ ಆರಿಸಿಕೊಳ್ಳದೆ ಇಡೀ ಫೋಲ್ಡರ್ ಕಾಪಿ ಮಾಡಿ. ನಿಲ್ಲಿಸದೆ ತುಂಬಾ ಹೊತ್ತು ತೆಗೆದ ಶಾಟನ್ನು ಹ್ಯಾಂಡಿಕ್ಯಾಮ್ 2 ಜಿಬಿಗೊಂದರಂತೆ ತುಂಡು ಮಾಡಿ ಇಡುತ್ತೆ. ಆ ತುಂಡುಗಳನ್ನು ಟೈಮ್‌ಲೈನ್‌ನಲ್ಲಿ (ಕ್ಲಿಪ್‌ಗಳನ್ನು ಸಾಲಾಗಿ ಜೋಡಿಸುವ ಪಟ್ಟಿ) ಅಕ್ಕಪಕ್ಕ ಇಟ್ಟರೆ ಕೂಡುವ ಜಾಗದಲ್ಲಿ ಧ್ವನಿ ಕ್ಷಣಕಾಲ ತಪ್ಪುತ್ತೆ. ಮಂಗಳವಾದ್ಯದ ಮಧ್ಯೆ ಅದು ಎದ್ದು ಕೇಳುತ್ತೆ. ವಿಂಡೋಸ್ ಕಮಾಂಡ್ ಪ್ರಾಂಪ್ಟ್‌ನ ಕಾಪಿ ಆಜ್ಞೆಗೆ ಬೈನರಿ ಆಯ್ಕೆ (/ಬಿ) ಕೊಟ್ಟು, ತುಂಡುಗಳ ಹೆಸರನ್ನು ಕ್ರಮವಾಗಿ ಕೂಡಿಸುವ ಚಿಹ್ನೆಯಿಂದ ಜೋಡಿಸಿ ಒಂದೇ ಫೈಲ್ ಮಾಡಿಕೊಳ್ಳಿ. ಗುಣಮಟ್ಟ ಏನೂ ಇಳಿಯಲ್ಲ.

ಶಾಟ್‌ಕಟ್‌ನಲ್ಲಿ ವಿಡಿಯೊ ಮೋಡ್ 1080ಪಿ, 25 ಫ್ರೇಮ್ ಅಂತ ಮೊದಲೇ ಇಡಿ. ನಮ್ಮ ದೇಶದ ಡಿವಿಡಿ ಪಾಲ್ ಪದ್ಧತಿ: 720x576, ಸೆಕೆಂಡಿಗೆ 25 ಫ್ರೇಮ್. ಸೆಟ್ಟಿಂಗ್ಸ್‌ನಲ್ಲಿ ಪ್ರಾಕ್ಸಿ ಆನ್ ಮಾಡಿ. ಎಡಿಟ್ ಮಾಡುವಾಗ ಚಿಕ್ಕ ನಕಲು ಓಡುತ್ತೆ, ಎಕ್ಸ್‌ಪೋರ್ಟ್‌ಗೆ ಅಸಲಿ ಫೈಲೇ ಹೋಗುತ್ತೆ, ಐ3ಯಲ್ಲೂ ತಡವರಿಸಲ್ಲ. ಅರಿಶಿನ ಶಾಸ್ತ್ರ, ಮುಹೂರ್ತ, ಆರತಕ್ಷತೆ ಹೀಗೆ ಬೇರೆ ಬೇರೆ ಪ್ರಾಜೆಕ್ಟ್ ಮಾಡಿ. ಮೂರು ಗಂಟೆಯದನ್ನು ಒಂದೇ ಟೈಮ್‌ಲೈನ್‌ಗೆ ತುಂಬಿದರೆ ಒಂದು ತಪ್ಪು ತಿದ್ದಲು ಇಡೀದನ್ನು ಮತ್ತೆ ಎಕ್ಸ್‌ಪೋರ್ಟ್ ಮಾಡಬೇಕಾಗುತ್ತೆ.

ಎಕ್ಸ್‌ಪೋರ್ಟ್ ಎಚ್.264, ಕ್ವಾಲಿಟಿ 65ರಿಂದ 70 ಪರ್ಸೆಂಟ್, ಹಾರ್ಡ್‌ವೇರ್ ಎನ್‌ಕೋಡರ್ ಆಫ್. ಫೈಲ್ ದೊಡ್ಡದಾಗುತ್ತೆ, ಆಗಲಿ. ಡಿವಿಡಿಸ್ಟೈಲರ್ ಅದನ್ನು ಮತ್ತೆ ಡಿವಿಡಿಗೆ ಬೇಕಾದ ಎಂಪೆಗ್-2 ರೂಪಕ್ಕೆ ಇಳಿಸುತ್ತೆ. ಮೊದಲೇ ಹಿಂಡಿ ಸಣ್ಣ ಮಾಡಿದ ಫೈಲ್ ಕೊಟ್ಟರೆ ಎರಡು ಸಲ ಹಿಂಡಿದಂತಾಗಿ ರೇಷ್ಮೆ ಸೀರೆಯ ಜರಿ, ಹೂವಿನ ಅಲಂಕಾರ ಎಲ್ಲ ಚೌಕ ಚೌಕ ಆಗುತ್ತೆ.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್ ಸರ್. ಮೂರು ಗಂಟೆ ಒಂದೇ ಡಿಸ್ಕ್‌ನಲ್ಲಿ ಹಿಡಿಸಬಹುದಾ?

ಉತ್ತರ (ಅದೇ ಎಡಿಟರ್):
ಹಿಡಿಯುತ್ತೆ, ಆದರೆ ಬೇಡ. ಲೆಕ್ಕ ಇಷ್ಟೇ: 4.7 ಜಿಬಿ ಡಿಸ್ಕ್ ಅಂದರೆ ಸುಮಾರು 37,600 ಮೆಗಾಬಿಟ್. ವಿಡಿಯೊ ಎಷ್ಟು ಸೆಕೆಂಡ್ ಇದೆಯೋ ಅದರಿಂದ ಭಾಗಿಸಿ. ಒಂದೂವರೆ ಗಂಟೆಗೆ ಸೆಕೆಂಡಿಗೆ ಸುಮಾರು 7 ಮೆಗಾಬಿಟ್, ಎರಡು ಗಂಟೆಗೆ 5.2, ಮೂರು ಗಂಟೆಗೆ 3.5 ಸಿಗುತ್ತೆ. ಧ್ವನಿ, ಮೆನು, ಸ್ವಲ್ಪ ಅಂಚು ಅಂತ ಇದರಲ್ಲಿ ಅರ್ಧ ಮೆಗಾಬಿಟ್ ಕಳೆಯಿರಿ. ವಿಡಿಯೊಗೆ ನಾಲ್ಕಕ್ಕಿಂತ ಕೆಳಗೆ ಬಂದರೆ ಅಕ್ಷತೆ ಹಾಕುವಾಗ, ಡ್ಯಾನ್ಸ್ ನಡೆಯುವಾಗ ಚಿತ್ರ ಒಡೆಯುತ್ತೆ. ಎರಡು ಡಿಸ್ಕ್ ಮಾಡಿ, ಒಂದೊಂದರಲ್ಲಿ ಒಂದೂವರೆ ಗಂಟೆ. ಡಬಲ್ ಲೇಯರ್ (ಎರಡು ಪದರದ) ಡಿಸ್ಕ್ ದುಬಾರಿ, ಹಳೇ ಪ್ಲೇಯರ್‌ಗಳಲ್ಲಿ ತೊಂದರೆಯೂ ಜಾಸ್ತಿ.

ಧ್ವನಿಗೆ ಎಸಿ3 (ಹಿಂಡಿದ ಧ್ವನಿ) ಆರಿಸಿ, 192 ಅಥವಾ 224 ಕೆಬಿಪಿಎಸ್ ಸಾಕು. ಪಿಸಿಎಂ (ಹಿಂಡದ ಧ್ವನಿ) ಇಟ್ಟರೆ ಧ್ವನಿಯೊಂದೇ ಒಂದೂವರೆ ಮೆಗಾಬಿಟ್ ತಿನ್ನುತ್ತೆ. ವಿಡಿಯೊ ಬಿಟ್‌ರೇಟ್ (ಸೆಕೆಂಡಿಗೆ ಎಷ್ಟು ಮೆಗಾಬಿಟ್ ಅನ್ನೋದು) 9.8 ದಾಟುವಂತಿಲ್ಲ ಅನ್ನೋದು ಡಿವಿಡಿ ನಿಯಮ, ಆದರೆ ಮನೆಯಲ್ಲಿ ಬರೆದ ಡಿಸ್ಕ್‌ಗೆ 8ರ ಮೇಲೆ ಹೋಗದಿರುವುದೇ ಕ್ಷೇಮ. ಇನ್ನೊಂದು, ಆ 4.7 ಜಿಬಿಯನ್ನು ವಿಂಡೋಸ್ 4.37 ಅಂತ ತೋರಿಸುತ್ತೆ. ಡಿಸ್ಕ್ ನಕಲಿ ಅಂದುಕೊಳ್ಳಬೇಡಿ, ಎಣಿಸುವ ರೀತಿ ಬೇರೆ ಅಷ್ಟೆ.

ಪ್ರಶ್ನೆ (ಹೊಳಲ್ಕೆರೆಯಿಂದ):
ಮಧ್ಯೆ ಬರ್ತಿದೀನಿ, ಬೇಜಾರಾಗಬೇಡಿ ಅಣ್ಣ. ಫೋನ್ ಕ್ಲಿಪ್ ಹಾಕಿದರೆ ಶುರುವಲ್ಲಿ ಸರಿ ಇರುತ್ತೆ, ಹತ್ತು ನಿಮಿಷ ಆದಮೇಲೆ ಪುರೋಹಿತರ ಬಾಯಿ ಒಂದು ಕಡೆ, ಮಂತ್ರ ಒಂದು ಕಡೆ. ಯಾಕೆ?

ಉತ್ತರ (ಅದೇ ಎಡಿಟರ್):
ಫೋನ್ ಒಂದೇ ವೇಗದಲ್ಲಿ ರೆಕಾರ್ಡ್ ಮಾಡಲ್ಲ. ಬೆಳಕು ಕಡಿಮೆಯಾದಾಗ, ಫೋನ್ ಬಿಸಿಯಾದಾಗ ಸೆಕೆಂಡಿಗೆ 30 ಇದ್ದದ್ದು 27, 24 ಅಂತ ಏರಿಳಿಯುತ್ತೆ. ಧ್ವನಿ ಮಾತ್ರ ಸಮನಾಗಿ ಹೋಗುತ್ತೆ. ಅಂಥ ಕ್ಲಿಪ್ ತೆರೆದಾಗ ಶಾಟ್‌ಕಟ್ ತಾನಾಗೇ 'ಎಡಿಟ್‌ಗೆ ಅನುಕೂಲವಾಗುವಂತೆ ಬದಲಾಯಿಸಲೇ' ಅಂತ ಕೇಳುತ್ತೆ. ಬಹಳ ಜನ ಬೇಡ ಅಂತ ಒತ್ತಿಬಿಡ್ತಾರೆ. ಕನ್ವರ್ಟ್ ಕೊಡಿ, ಮೂರು ಆಯ್ಕೆಯಲ್ಲಿ 'ಗುಡ್' ಅನ್ನೋದೇ ಸಾಕು. ಇಲ್ಲವೇ ವಿಡಿಯೊ ಬದಲಾಯಿಸುವ ಸಾಫ್ಟ್‌ವೇರ್ ಹ್ಯಾಂಡ್‌ಬ್ರೇಕ್‌ನಲ್ಲಿ ಕಾನ್‌ಸ್ಟಂಟ್ ಫ್ರೇಮ್‌ರೇಟ್ (ಒಂದೇ ವೇಗ) ಆರಿಸಿ ಮೊದಲೇ ಬದಲಾಯಿಸಿಕೊಳ್ಳಿ.

30 ಫ್ರೇಮನ್ನು 25ಕ್ಕೆ ಇಳಿಸಿದಾಗ ಸೆಕೆಂಡಿಗೆ ಐದು ಫ್ರೇಮ್ ಬಿದ್ದುಹೋಗುತ್ತೆ. ಕ್ಯಾಮೆರಾ ಅತ್ತಿತ್ತ ತಿರುಗಿಸಿದ ಕಡೆ ಸಣ್ಣ ಜರ್ಕ್ ಕಾಣುತ್ತೆ. ಪೂರ್ತಿ ಹೋಗಿಸೋಕಾಗಲ್ಲ, ಅಂಥ ಶಾಟ್ ಗಿಡ್ಡ ಮಾಡಿ. ಮುಂದಿನ ಸಮಾರಂಭಕ್ಕೆ ಫೋನಲ್ಲಿ 25 ಫ್ರೇಮ್ ಸಿಗುತ್ತಾ ನೋಡಿ. ಐಫೋನ್‌ನಲ್ಲಿ ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಪಾಲ್ ಫಾರ್ಮ್ಯಾಟ್ ತೋರಿಸು ಅನ್ನುವ ಆಯ್ಕೆ ಇದೆ. ನಮ್ಮ ಕರೆಂಟ್ 50 ಹರ್ಟ್ಸ್ ಆದ್ದರಿಂದ ಕಲ್ಯಾಣ ಮಂಟಪದ ಟ್ಯೂಬ್‌ಲೈಟ್ ಮಿನುಗುವುದೂ 25ರಲ್ಲಿ ಕಡಿಮೆ.

ಪ್ರಶ್ನೆ ಕೇಳಿದವರು:
ಸರ್, ಡಿವಿಡಿಸ್ಟೈಲರ್ ಹಾಕಿಕೊಂಡೆ. ಮೆನುವಿನಲ್ಲಿ ಕನ್ನಡ ನೀಟಾಗಿ ಬರ್ತಿಲ್ಲ. ನುಡಿಯಲ್ಲಿ ಟೈಪ್ ಮಾಡಿದ್ದನ್ನ ಪೇಸ್ಟ್ ಮಾಡಿದರೆ ಏನೇನೋ ಇಂಗ್ಲಿಷ್ ಅಕ್ಷರ.

ಉತ್ತರ (ವಿನ್ಯಾಸ ಮತ್ತು ಟೈಟಲ್ ಕೆಲಸ ಮಾಡುವವರು, ದಾವಣಗೆರೆ):
ನುಡಿಯ ಹಳೇ ಅಕ್ಷರಗಳು ಯೂನಿಕೋಡ್ ಅಲ್ಲ, ಅದಕ್ಕೇ ಹಾಗೆ. ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ಯಾವುದೇ ಸಾಫ್ಟ್‌ವೇರ್ ಕೊಳ್ಳುವ ಮುಂಚೆ ಟ್ರಯಲ್‌ನಲ್ಲಿ 'ಶ್ರೀ ದುರ್ಗಾಂಬಿಕಾ ಪ್ರಸನ್ನ' ಅಂತ ಹೊಡೆದು ನೋಡಿ. ಅರ್ಕಾವೊತ್ತು, ರ ಒತ್ತು, ನ ಒತ್ತು ಮೂರೂ ಅದರಲ್ಲೇ ಇವೆ. ಒತ್ತು ಕಳಚಿ ಪಕ್ಕಕ್ಕೆ ನಿಂತರೆ ಆ ಸಾಫ್ಟ್‌ವೇರ್ ನಮಗಲ್ಲ. ಶಾಟ್‌ಕಟ್‌ನ 'ಟೆಕ್ಸ್ಟ್: ರಿಚ್' ಫಿಲ್ಟರ್‌ನಲ್ಲಿ ಸರಿಯಾಗಿ ಬರುತ್ತೆ.

ಮೆನುವಿಗೆ ಬೇರೆ ದಾರಿ ಹಿಡಿಯಿರಿ. ಡಿವಿಡಿಯ ಬಟನ್ ಪದರಕ್ಕೆ ನಾಲ್ಕೇ ಬಣ್ಣ. ಅದರಲ್ಲಿ ಕನ್ನಡ ಬರೆದರೆ ಅಕ್ಷರದ ಅಂಚು ಗರಗಸದ ಹಲ್ಲಾಗುತ್ತೆ. ಹಾಗಾಗಿ ಚಿತ್ರ ಬಿಡಿಸುವ ಸಾಫ್ಟ್‌ವೇರ್ ಇಂಕ್‌ಸ್ಕೇಪ್‌ನಲ್ಲಿ 1024x576 ಅಳತೆಯ ಚಿತ್ರ ಮಾಡಿ. ಹಿನ್ನೆಲೆ, ವಧೂವರರ ಹೆಸರು, 'ಅರಿಶಿನ ಶಾಸ್ತ್ರ', 'ಮುಹೂರ್ತ' ಎಲ್ಲ ಕನ್ನಡವೂ ಆ ಚಿತ್ರದೊಳಗೇ ಇರಲಿ. ಅದನ್ನು ಪಿಎನ್‌ಜಿ ಮಾಡಿ ಮೆನುವಿಗೆ ಹಿನ್ನೆಲೆಯಾಗಿ ಹಾಕಿ, ಪ್ರತಿ ಹೆಸರಿನ ಪಕ್ಕ ಬಾಣದ ಗುರುತಿನ ಬಟನ್ ಒಂದನ್ನು ಕೂರಿಸಿ. ಡಿವಿಡಿಸ್ಟೈಲರ್‌ನಲ್ಲಿ ಹೊಸ ಪ್ರಾಜೆಕ್ಟ್ ತೆರೆಯುವಾಗಲೇ 16:9 (ಅಗಲ ಪರದೆ) ಆರಿಸಿರಬೇಕು.

ಅಕ್ಷರಕ್ಕೆ ನೋಟೋ ಸಾನ್ಸ್ ಕನ್ನಡ ಬೋಲ್ಡ್ ಒಳ್ಳೆಯದು, 36 ಪಿಕ್ಸೆಲ್‌ಗಿಂತ ಚಿಕ್ಕದು ಬೇಡ. ತೆಳ್ಳಗಿನ ಅಕ್ಷರದ ತಲೆಕಟ್ಟು ಹಳೇ ಟಿವಿಯಲ್ಲಿ ನಡುಗುತ್ತೆ. ನಾಲ್ಕೂ ಕಡೆ ಹತ್ತನೇ ಒಂದು ಭಾಗ ಖಾಲಿ ಬಿಡಿ, ಡಬ್ಬಿ ಟಿವಿ ಅಂಚನ್ನು ನುಂಗುತ್ತೆ.

ಪ್ರಶ್ನೆ (ಹೊಳಲ್ಕೆರೆಯಿಂದ):
ಕಂಪ್ಯೂಟರಲ್ಲಿ ಓಡುವ ಡಿಸ್ಕ್ ಪ್ಲೇಯರಲ್ಲಿ 'ನೋ ಡಿಸ್ಕ್' ಅನ್ನುತ್ತೆ. ಪ್ಲೇಯರ್‌ನದ್ದೇ ತೊಂದರೆನಾ?

ಉತ್ತರ (ಎಡಿಟರ್, ಚಿತ್ರದುರ್ಗ):
ಡಿಸ್ಕ್ ತೆರೆದು ನೋಡಿ. ಒಳಗೆ ವಿಡಿಯೊ-ಟಿಎಸ್ ಫೋಲ್ಡರ್, ಅದರಲ್ಲಿ ಐಎಫ್‌ಒ, ವಿಒಬಿ ಫೈಲ್‌ಗಳು ಇದ್ದರೆ ಮಾತ್ರ ಅದು ವಿಡಿಯೊ ಡಿವಿಡಿ. ಬರೀ ಎಂಪಿ4 ಕಂಡರೆ ನೀವು ಡೇಟಾ ಡಿಸ್ಕ್ ಬರೆದಿದ್ದೀರಿ, ಹಳೇ ಪ್ಲೇಯರ್ ಅದನ್ನು ಓದಲ್ಲ. ಫೋಲ್ಡರ್ ಸರಿ ಇದ್ದರೆ ಡಿಸ್ಕ್ ಫೈನಲೈಸ್ (ಬರೆದು ಮುಗಿಸಿ ಮುಚ್ಚುವ ಕೊನೆ ಹಂತ) ಆಗಿಲ್ಲದಿರಬಹುದು, ಅಥವಾ ಪೂರ್ತಿ ವೇಗದಲ್ಲಿ ಬರೆದದ್ದು.

ಡಿವಿಡಿಸ್ಟೈಲರ್‌ನಿಂದ ನೇರ ಬರೆಯದೆ ಮೊದಲು ಐಎಸ್‌ಒ ಫೈಲ್ (ಇಡೀ ಡಿಸ್ಕ್‌ನ ನಕಲು ಒಂದೇ ಫೈಲ್‌ನಲ್ಲಿ) ಮಾಡಿ. ಅದನ್ನು ವಿಎಲ್‌ಸಿಯಲ್ಲಿ ತೆರೆದು ಪ್ರತಿ ಬಟನ್ ಒತ್ತಿ, ಪ್ರತಿ ಭಾಗ ಮುಗಿದ ಮೇಲೆ ಮೆನುವಿಗೆ ವಾಪಸ್ ಬರುತ್ತಾ ನೋಡಿ. ಸರಿ ಇದ್ದರೆ ಡಿಸ್ಕ್ ಬರೆಯುವ ಸಾಫ್ಟ್‌ವೇರ್ ಇಮ್ಜ್‌ಬರ್ನ್‌ನಲ್ಲಿ ಬರೆಯಿರಿ. 16 ಎಕ್ಸ್ ಡಿಸ್ಕ್‌ಗೆ 8 ಎಕ್ಸ್ ವೇಗ, ವೆರಿಫೈ ಗುರುತು ಹಾಕಿರಲಿ. ಇಮ್ಜ್‌ಬರ್ನ್ 2013ರ ನಂತರ ಬದಲಾಗಿಲ್ಲ, ಆದರೂ ಕೆಲಸಕ್ಕೆ ಗಟ್ಟಿ. ಇನ್‌ಸ್ಟಾಲ್ ಮಾಡುವಾಗ ಜೊತೆಗೆ ಬೇರೇನಾದರೂ ಹಾಕಲೇ ಅಂತ ಕೇಳಿದರೆ ಗುರುತು ತೆಗೆಯಿರಿ. ಯುಎಸ್‌ಬಿ ರೈಟರನ್ನು ಹಬ್‌ಗೆ ಸಿಕ್ಕಿಸದೆ ಲ್ಯಾಪ್‌ಟಾಪ್‌ಗೇ ನೇರ ಸಿಕ್ಕಿಸಿ. ಬರೆಯುವಾಗ ಲೇಸರ್‌ಗೆ ವಿದ್ಯುತ್ ಹೆಚ್ಚು ಬೇಕು, ಸಾಲದೇ ಹೋದರೆ ಅರ್ಧದಲ್ಲಿ ನಿಂತು ಡಿಸ್ಕ್ ಹಾಳು.

ಮೂಲ ಪ್ರಶ್ನೆ ಕೇಳಿದವರಿಗೆ ಒಂದು ಮಾತು. ಜಗಳೂರಿನ ಮನೆಗಳಲ್ಲಿ ಡಬ್ಬಿ ಟಿವಿ ಇದ್ದರೆ, ಪ್ಲೇಯರ್‌ನ ಸೆಟಪ್‌ನಲ್ಲಿ ಟಿವಿ ಟೈಪ್ 4:3 ಲೆಟರ್‌ಬಾಕ್ಸ್ ಇರಬೇಕು. 16:9 ಇದ್ದರೆ ಮದುಮಕ್ಕಳು ಉದ್ದುದ್ದ, ತೆಳ್ಳಗೆ ಕಾಣ್ತಾರೆ. ಡಿಸ್ಕ್ ಕೊಡೋಕೆ ಹೋದಾಗ ನೀವೇ ಅಲ್ಲಿ ರಿಮೋಟ್ ಹಿಡಿದು ಸರಿ ಮಾಡಿ ಬನ್ನಿ.

ಪ್ರಶ್ನೆ ಕೇಳಿದವರು:
ಹಾಗೇ ಮಾಡ್ತೀನಿ ಸರ್. ಡಿಸ್ಕ್ ಮೇಲೆ ಮದುವೆ ಫೋಟೊ ಸ್ಟಿಕ್ಕರ್ ಅಂಟಿಸಬಹುದಾ?

ಉತ್ತರ (ವಿನ್ಯಾಸದವರು, ದಾವಣಗೆರೆ):
ಬೇಡ. ಕಾಗದ ಎದ್ದರೆ ಡಿಸ್ಕ್ ತೂಕ ತಪ್ಪಿ ಪ್ಲೇಯರ್‌ನಲ್ಲಿ ಅದುರುತ್ತೆ. ಫೋಟೊವನ್ನು ಕವರ್‌ಗೆ ಹಾಕಿ. ಡಿಸ್ಕ್ ಮೇಲೆ ಸಿಡಿ ಮಾರ್ಕರ್‌ನಲ್ಲಿ ಹೆಸರು, ದಿನಾಂಕ, ಒಂದನೇ ಭಾಗ, ಎರಡನೇ ಭಾಗ ಅಂತಷ್ಟೇ ಬರೆಯಿರಿ.